ಸ್ಟೇಡಿಯಮ್ಮಿನ ಹೊರಗೆ ಮಂಡಕ್ಕಿ ಚೀಲ

ದಾವಣಗೆರೆಯ ಎಸ್.ಎಸ್. ಬಡಾವಣೆಯ ತಿರುವಿನಲ್ಲಿ ಫ್ಲೆಕ್ಸ್ ಕಟ್ಟಿದ್ದಾರೆ. 'ದೋಹಾದಲ್ಲಿ ವಿಶ್ವಕಪ್ ಫುಟ್‌ಬಾಲ್ ವೀಕ್ಷಿಸಿ ಮರಳಿದ ನಮ್ಮ ಹೆಮ್ಮೆಯ ಹಾಲಸ್ವಾಮಿಯವರಿಗೆ ಸ್ವಾಗತ.' ಕೂಲಿಂಗ್ ಗ್ಲಾಸು ಹಾಕಿಕೊಂಡು ಅವರು ಕೈ ಮುಗಿದಿದ್ದಾರೆ. ಪಕ್ಕದಲ್ಲಿ ಅವರ ಭಾಮೈದ ಅಂಜನಕುಮಾರ. ಕೆಳಗಿನ ಮೂಲೆಯಲ್ಲಿ, ನಾಲ್ಕಾಣೆ ಬಿಲ್ಲೆಯಂಥ ಸುತ್ತಿನೊಳಗೆ, ನನ್ನ ಮುಖ.

ನಾನು ಹರಿಹರದವನು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ದಾವಣಗೆರೆಯ ಬೆಣ್ಣೆದೋಸೆ ಹೋಟೆಲು ಸೇರಿದೆ. ರಜೆ ಸಿಕ್ಕರೆ ಊರಿನ ಹೊಳೆದಂಡೆಯಲ್ಲಿ ಬರಿಗಾಲಲ್ಲಿ ಫುಟ್‌ಬಾಲ್. ಊರೆಲ್ಲ ಕ್ರಿಕೆಟ್ ಅಂದರೂ ನಾವೊಂದಿಷ್ಟು ಹುಡುಗರು ಫುಟ್‌ಬಾಲಿಗೇ ಜೋತುಬಿದ್ದವರು. ಅಕ್ಕಿ ಮಿಲ್ಲಿನ ಹಾಲಸ್ವಾಮಿ ನಮ್ಮ ಹೋಟೆಲಿನ ಗಿರಾಕಿ. ಪರದೇಶದ ಊಟ ಆಗದು, ಅಡುಗೆಗೆ ದೋಹಾಕ್ಕೆ ಬಾ ಅಂದಾಗ ನಾನೇ ಹೇಳಿದೆ, "ಸಂಬಳ ಬ್ಯಾಡ್ರಿ ಸಾವ್ಕಾರ್ರೆ. ಒಂದು ಮ್ಯಾಚು ಒಳಗೆ ಕೂತು ನೋಡಂಗೆ ಮಾಡ್ರಿ."

"ಒಂದ್ಯಾಕಲೇ, ಕಪ್ಪೇ ಕೊಡಿಸ್ತೀನಿ!" ಎಂದು ನಕ್ಕರು.

ದೋಹಾದಲ್ಲಿ ಬೆಳಗ್ಗೆ ದೋಸೆ, ರಾತ್ರಿ ರೊಟ್ಟಿ. ಅವರೂ ಭಾಮೈದನೂ ಮಾಲ್ ಸುತ್ತಿದರು, ನಾನು ಪಾತ್ರೆ ತಿಕ್ಕಿದೆ. ಬಣ್ಣದ ಅಂಗಿ ತೊಟ್ಟು ಡೋಲು ಬಾರಿಸುತ್ತ ಹೋಗುವವರು ಕಿಟಕಿಯಿಂದ ಕಾಣುತ್ತಿದ್ದರು. ಕೊನೆಗೆ ನನ್ನ ಮ್ಯಾಚಿನ ದಿನ ಬಂತು.

ಊರ ಪಕ್ಕದ ಬಾತಿ ಗುಡ್ಡಕ್ಕೆ ಹೊರಟರೂ ಮಂಡಕ್ಕಿ ಕಟ್ಟಿಕೊಳ್ಳುವ ಜನ ನಾವು. ಸ್ಟೇಡಿಯಮ್ಮಿಗೂ ಚೀಲದ ತುಂಬ ಮಂಡಕ್ಕಿ, ಮೇಲೆ ಮೆಣಸಿನಕಾಯಿ ಬಜ್ಜಿ. ಗೇಟಿನ ಕಾವಲುಗಾರ ಇಣುಕಿ ನೋಡಿ ಕಸದ ಡಬ್ಬಿ ತೋರಿಸಿದ.

"ಏ, ಎಸೀಬ್ಯಾಡ! ದಾವಣಗೆರೆ ಮಂಡಕ್ಕಿ ಇಲ್ಲೆಲ್ಲಿ ಸಿಗ್ತೈತೆ?" ಹಾಲಸ್ವಾಮಿ ಚೀಲವನ್ನು ನನ್ನ ಎದೆಗೆ ಒತ್ತಿದರು. "ಶಿವು, ಇದನ್ನ ಹಿಡ್ಕಂಡು ಇಲ್ಲೇ ನಿಂತಿರು. ಸೀಟು ನೋಡಿ ಬಂದು ಕರ್ಕಂಡು ಹೋಗ್ತೀನಿ."

"ನನ್ನ ಟಿಕೆಟ್ಟು ನಿಮ್ಮ ಫೋನಾಗೈತ್ರಿ..."

"ಅದಕ್ಕೇ ಬರ್ತೀನಿ ಅಂದೆನಲ್ಲೋ. ಓಡಿ ಹೋಗ್ತೀನಾ?"

ಬರಲಿಲ್ಲ. ಗೋಡೆಯಾಚೆ ಗೋಲು ಬಿತ್ತು. ಆ ಕೂಗಿಗೆ ಕಾಲಡಿಯ ನೆಲ ಅದುರಿತು. ಯಾರು ಹೊಡೆದರು, ಎಡಗಾಲೋ ಬಲಗಾಲೋ, ಒಂದೂ ಗೊತ್ತಾಗಲಿಲ್ಲ. ಬಜ್ಜಿಯ ಎಣ್ಣೆ ಚೀಲ ದಾಟಿ ನನ್ನ ಅಂಗಿಗೆ ಇಳಿಯಿತು.

ಅರ್ಧ ಆಟಕ್ಕೇ ಇಬ್ಬರೂ ಆಕಳಿಸುತ್ತ ಹೊರಬಂದರು.

"ಏನೈತಪ್ಪ ಅದರಾಗೆ! ಒಂದು ಚೆಂಡಿಗೆ ಅಷ್ಟು ಮಂದಿ ಗುದ್ದಾಡ್ತಾರೆ," ಎಂದ ಅಂಜನಕುಮಾರ.

"ಸಾವ್ಕಾರ್ರೆ, ಫೋನ್ ಕೊಡ್ರಿ. ಉಳಿದರ್ಧ ಆದ್ರೂ ನೋಡ್ತೀನಿ."

"ಎಲ್ಲಿ ಫೋನು? ಇವನು ರೀಲ್ಸ್ ಮಾಡಿ ಮಾಡಿ ಚಾರ್ಜೆಲ್ಲ ಖಾಲಿ. ಟಿವಿಯಾಗೆ ನೋಡೀಯಂತೆ ಬಿಡಲೇ. ಪೇಪರ್ ಹಾಸು, ಹಸಿವಾಗೈತೆ."

ಒಳಗೆ ಮತ್ತೆ ಶಿಳ್ಳೆ ಊದಿದರು. ನಾನು ಪೇಪರ್ ಹಾಸಿದೆ. ಹಾಸಿದ ನನ್ನ ಕೈಗಳ ಮೇಲೇ ನನಗೆ ಹೇಸಿಗೆ ಹುಟ್ಟಿತು. ಹಾಲಸ್ವಾಮಿ ಬಜ್ಜಿ ಕಚ್ಚಿ, "ಥೂ, ಮೆತ್ತಗಾಗೈತಲ್ಲೋ," ಎಂದು ಅಲ್ಲೇ ಉಗುಳಿದರು.

ಈಗ ಈ ಫ್ಲೆಕ್ಸ್. ಅದರ ಫೋಟೊ ಹರಿಹರ ಮುಟ್ಟಿ ಹುಡುಗರ ಫೋನು ಶುರುವಾಯಿತು. "ಪುಣ್ಯವಂತ ಬಿಡಪ್ಪ ನೀನು! ಗೋಲು ಹೆಂಗಿತ್ತು, ಹೇಳಲೇ!"

ಫೋನ್ ಇಟ್ಟೆ. ಹೋಟೆಲಿನಿಂದ ಈರುಳ್ಳಿ ಹೆಚ್ಚುವ ಚಾಕು ತಂದು, ಹಾಡಹಗಲು ಜನರೆದುರೇ ಮೂಲೆಯ ಮುಖವನ್ನು ಕೊಯ್ದು ತೆಗೆದೆ. ತೂತಿನಲ್ಲಿ ಹಿಂದಿನ ಚರಂಡಿ ಕಾಣಿಸಿತು. ಪಂಕ್ಚರ್ ಅಂಗಡಿಯ ಹಿದಾಯತ್ ಓಡಿ ಬಂದ.

"ಅರೇ, ನಿಂದೇ ಮುಖ ಅಲ್ವೇನೋ ಅದು?"

"ನಾನು ಮ್ಯಾಚು ನೋಡಿಲ್ಲಣ್ಣ. ಮಂಡಕ್ಕಿ ಕಾದು ಬಂದೀನಿ."