ನಾಲ್ಕನೆಯ ನಾಳ

“ಇನ್ನೊಂದು ನಾಳ ಐತಿ ಕಾಕಾ. ಅದು ಸಿಗೂತನಾ ಹಲ್ಲಿನ ನೋವು ಬಿಡೂದಿಲ್ಲ,” ಎಂದರು ಡಾಕ್ಟರ್ ಪೂರ್ಣಿಮಾ.

ಬಸಗೊಂಡಪ್ಪ ತೆರೆದ ಬಾಯಿಯನ್ನು ಟಪ್ಪನೆ ಮುಚ್ಚಿದ. ಹೋದ ವಾರ ಇದೇ ಕುರ್ಚಿಯಲ್ಲಿ ಕೂರಿಸಿಕೊಂಡು, ಬೇರಿನೊಳಗೆ ಮೂರು ನಾಳ ಇದ್ದವು, ಮೂರನ್ನೂ ತೊಳೆದು ತುಂಬಿದೆ ಎಂದಿದ್ದಳು ಇದೇ ಹೆಣ್ಣುಮಗಳು. ಇವತ್ತು ನಾಲ್ಕನೆಯದು ಹುಟ್ಟಿದೆ! ಹಲ್ಲೇನು ಮರಿ ಹಾಕುತ್ತದೆಯೇ?

“ಹ್ವಾದವಾರ ಮೂರ ಅಂದಿದ್ರಿ.”

“ಅವಾಗ ಕಂಡಿದ್ದು ಮೂರ. ಮ್ಯಾಲಿನ ದವಡಿ ಹಲ್ಲು ಒಬ್ಬೊಬ್ಬರದು ಒಂದೊಂದು ನಮೂನಿ ಇರ್ತೈತಿರಿ. ನಾಕನೇದು ಭಾಳ ಸಣ್ಣದು, ಒಂದರ ಮಗ್ಗಲಕ್ಕ ಅಡಗಿರ್ತೈತಿ. ನಾ ಮೊದಲ ಹುಡುಕಬೇಕಾಗಿತ್ತು, ತಪ್ಪು ನಂದ.”

ತಪ್ಪು ತನ್ನದೆನ್ನುವ ಡಾಕ್ಟರನ್ನು ಅವನು ಎಲ್ಲಿಯೂ ಕಂಡಿರಲಿಲ್ಲ. ಅದರಿಂದಲೇ ಅನುಮಾನ ಗಟ್ಟಿಯಾಯಿತು.

“ನಮ್ಮಾಕಿದೂ ನೀವ ಮಾಡೀರಿ. ಅದ ಹಲ್ಲ, ಅದ ಮಗ್ಗಲ. ಮೂರ ಇದ್ದವು.”

“ಅವರದು ಮೂರ. ನಿಮ್ಮದು ನಾಕು.”

ಬನಹಟ್ಟಿಯಲ್ಲಿ ಹುಟ್ಟಿ ಮಗ್ಗದ ಮೇಲೆಯೇ ಮುದುಕನಾದವನಿಗೆ ಹೇಳುವ ಮಾತೇ ಇದು? ಸೀರೆಯ ಒಂದು ದಡಿಗೆ ಇದ್ದಷ್ಟೇ ಎಳೆ ಇನ್ನೊಂದಕ್ಕೂ ಇರಬೇಕು. ಒಂದು ಹೆಚ್ಚಾದರೂ ವ್ಯಾಪಾರಿ ಸೀರೆಯನ್ನು ಮುಖಕ್ಕೆ ಎಸೆಯುತ್ತಾನೆ. ದೇವರು ನೇಕಾರನಿಗಿಂತ ಕಡೆಯೇ? ಇವಳು ಒಳಗೆ ಏನೋ ಕೆಡಿಸಿದ್ದಾಳೆ, ಅದನ್ನು ಮುಚ್ಚಲು ಇನ್ನೊಂದು ತೂತು ಕೊರೆಯುತ್ತಾಳೆ.

“ಕಿತ್ತ ಬಿಡ್ರಿ.”

“ಗಟ್ಟಿ ಹಲ್ಲೈತಿ ಕಾಕಾ, ಉಳೀತೈತಿ. ಬಲಕ್ಕ ಅಗಿಯೂ ಹಲ್ಲಿಲ್ಲ ನಿಮಗ. ಇದೂ ಹ್ವಾದರ ರೊಟ್ಟಿ ಹೆಂಗ ತಿಂತೀರಿ?”

ಹೊರಗೆ ಕುಳಿತಿದ್ದ ಹೆಂಡತಿ ಸಾವಕ್ಕ ಬಾಗಿಲಲ್ಲಿ ಇಣುಕಿದಳು. “ಸುಮ್ನ ಬಾಯಿ ತಗೀರಿ. ನನ್ನ ಹಲ್ಲ ಛಲೋ ಮಾಡ್ಯಾರಿಲ್ಲ?”

“ನೀ ಸುಮ್ಮಿರಬೇ. ಇಲ್ಲಿ ಕೀಳದಿದ್ರ ಜಮಖಂಡಿಗೆ ಹೋಗಿ ಕೀಳಸ್ತೀನಿ. ಮತ್ತ ಹಲ್ಲ ನನ್ನ ಕೈಯಾಗ ಕೊಡ್ರಿ. ಎಣಸಬೇಕು.”

ಪೂರ್ಣಿಮಾ ಇನ್ನೆರಡು ಸಲ ಹೇಳಿ ನೋಡಿದರು. ಕೊನೆಗೆ ನಿಟ್ಟುಸಿರು ಬಿಟ್ಟು ಸೂಜಿ ಎತ್ತಿಕೊಂಡರು.

ಮನೆಗೆ ಬಂದವನೇ ಬಸಗೊಂಡಪ್ಪ ಮಗ್ಗದ ಪಕ್ಕದ ಕಿಟಕಿಗೆ ನಿಂತು ಹಲ್ಲು ಸುತ್ತಿದ್ದ ಕಾಗದ ಬಿಚ್ಚಿದ. ಬೇರು ಮೂರೇ! ನೋಡಿದಿಯಾ, ಎಂದುಕೊಂಡು ಹಲ್ಲನ್ನು ತಿರುಗಿಸಿದ. ಮೇಲಿನ ಸಿಮೆಂಟನ್ನು ಡಾಕ್ಟರು ನಾಲ್ಕನೆಯದನ್ನು ಹುಡುಕುವಾಗಲೇ ಕೆರೆದಿದ್ದರು. ಒಳಗೆ ಗುಲಾಬಿ ಬಣ್ಣದ ಮೇಣ ತುಂಬಿದ ಮೂರು ಚುಕ್ಕಿ. ನಗು ಬಂತು. ಆದರೂ ಕೈ ಸುಮ್ಮನಿರಬೇಕಲ್ಲ, ಬಟ್ಟೆಯ ಎಳೆ ಎಣಿಸುವ ಭೂತಗನ್ನಡಿ ತೆಗೆದು ಹಿಡಿದ.

ಒಂದು ಗುಲಾಬಿ ಚುಕ್ಕಿಯ ಮಗ್ಗುಲಲ್ಲಿ ಸಾಸಿವೆಗಿಂತ ಸಣ್ಣದೊಂದು ಕಪ್ಪು. ಕೊಳೆ ಇರಬೇಕು. ಉಜ್ಜಿದ, ಹೋಗಲಿಲ್ಲ. ಹಲ್ಲುಜ್ಜುವ ಬ್ರಷ್ಷಿನ ಒಂದು ಕೂದಲು ಕಿತ್ತು ತುದಿ ಚುಚ್ಚಿದ. ಕೂದಲು ಒಳಗಿಳಿಯಿತು, ಇಳಿಯುತ್ತಲೇ ಹೋಯಿತು. ಡಾಕ್ಟರು ಹೇಳಿದ ನಾಲ್ಕನೆಯ ನಾಳ ಇದೇ. ಒಂದು ಗಟ್ಟಿ ಹಲ್ಲನ್ನು ಹಟ ಹಿಡಿದು ಕೀಳಿಸಿಕೊಂಡು ಬಂದಿದ್ದ.

“ಎಷ್ಟದಾವರಿ?” ಒಲೆಯ ಕಡೆಯಿಂದ ಸಾವಕ್ಕ ಕೇಳಿದಳು.

ಹಲ್ಲಿನ ಮೇಲೆ ಮುಷ್ಟಿ ಮುಚ್ಚಿದ. “ಮೂರ.”

ಸಾವಕ್ಕ ಅವನ ಮುಖವನ್ನೊಮ್ಮೆ ನೋಡಿದಳು. ಕಡಕ್ ರೊಟ್ಟಿಯನ್ನು ಅವನ ತಾಟಿನಲ್ಲಿ ಸಣ್ಣಗೆ ಮುರಿದು ಬಿಸಿ ಸಾರು ಸುರಿದಳು, ಮೆತ್ತಗಾಗಲೆಂದು ಮೇಲೊಂದು ಮುಚ್ಚಳ ಇಟ್ಟಳು.