ಮುಚ್ಚಲಾಗುವು…

ಸುದ್ದಿ ಓದುವುದೇ ನನ್ನ ಹೊಟ್ಟೆಪಾಡು. ಓದುವುದೆಂದರೆ ಪೂರ್ತಿ ಓದುವುದಲ್ಲ, ಬರೀ ತಲೆಬರಹ. ಬೆಳಿಗ್ಗೆ ಆಫೀಸಿಗೆ ಹೋಗಿ ಕಂಪ್ಯೂಟರ್ ಹಚ್ಚಿದರೆ ಎಲ್ಲ ಕಡೆಯ ಸುದ್ದಿಯನ್ನೂ ಒಂದೆಡೆ ಗುಡ್ಡೆ ಹಾಕುವ ಫೀಡ್ ರೀಡರ್ ಬಾಯಿ ತೆರೆದುಕೊಂಡು ಕಾದಿರುತ್ತದೆ. ಎಡಗಡೆ ಪತ್ರಿಕೆಗಳ, ಸುದ್ದಿತಾಣಗಳ ಹೆಸರು; ಪ್ರತಿ ಹೆಸರಿನ ಪಕ್ಕದಲ್ಲಿ ನಾನಿನ್ನೂ ಓದದೆ ಉಳಿಸಿರುವ ಸುದ್ದಿಗಳ ಲೆಕ್ಕ. ಬಲಗಡೆ ತಲೆಬರಹಗಳ ಸಾಲು. ಓದದ್ದು ದಪ್ಪ ಅಕ್ಷರದಲ್ಲಿ, ಓದಿದ್ದು ತೆಳು ಅಕ್ಷರದಲ್ಲಿ. ಗುಂಡಿ ಒತ್ತುತ್ತಾ ಇಳಿದಂತೆ ದಪ್ಪದ್ದೆಲ್ಲ ತೆಳ್ಳಗಾಗುತ್ತದೆ. ತಳ ಮುಟ್ಟಿ ಉಸ್ಸಪ್ಪಾ ಅನ್ನುವಷ್ಟರಲ್ಲಿ ಮೇಲೆ ಮತ್ತೆ ದಪ್ಪಗೆ ಹುಟ್ಟಿಕೊಂಡಿರುತ್ತದೆ. ತಳ ಸೋರುವ ದೋಣಿಯಲ್ಲಿ ಕೂತು ಚೊಂಬಿನಿಂದ ನೀರು ಮೊಗೆದು ಹಾಕಿದ ಹಾಗೆ.

ಹೀಗೆ ಹೆಕ್ಕಿದ್ದರಲ್ಲಿ ಕೆಲಸಕ್ಕೆ ಬರುವಂಥದ್ದನ್ನು ಆರಿಸಿ, ಒಂದೊಂದು ಸಾಲಿಗೆ ಇಳಿಸಿ, ಮಧ್ಯಾಹ್ನ ಮತ್ತು ಸಂಜೆ ಚಂದಾದಾರರಿಗೆ ಕಳಿಸಬೇಕು. ಅವರು ದೊಡ್ಡವರು, ಅವರಿಗೆ ತಲೆಬರಹ ಓದುವುದಕ್ಕೂ ಪುರುಸೊತ್ತಿಲ್ಲ. ನಮ್ಮ ಮ್ಯಾನೇಜರ್‌ಗೂ ಇಲ್ಲ. ಅವರು ಕುರ್ಚಿಯಲ್ಲಿ ಕೂತದ್ದನ್ನು ಯಾರೂ ನೋಡಿಲ್ಲ, ಅದಕ್ಕೇ ನಾವೆಲ್ಲ ಅವರಿಗೆ ಅವಸರಪ್ಪ ಎಂದು ಹೆಸರಿಟ್ಟಿದ್ದೇವೆ. ಯಾವ ಸುದ್ದಿ ಎಷ್ಟು ಹೊತ್ತಿಗೆ ಬಂತು ಎನ್ನುವುದು ಎದ್ದು ಕಾಣಬೇಕೆಂದು ಹಟ ಹಿಡಿದು, ಹೊತ್ತು ತೋರಿಸುವ ಅಂಕಣವನ್ನು ಅವರೇ ಅಗಲ ಮಾಡಿಸಿದ್ದರು. ಅದು ಅಗಲವಾದಷ್ಟೂ ತಲೆಬರಹದ ಅಂಕಣ ಕಿರಿದಾಯಿತು. ಉದ್ದದ ತಲೆಬರಹಗಳು ಬಾಲ ಕಳೆದುಕೊಂಡು, ಕೊನೆಗೆ ಮೂರು ಚುಕ್ಕಿ ಹೊತ್ತು ನಿಲ್ಲುತ್ತಿದ್ದವು. ನನಗೆ ಅದೂ ರೂಢಿಯಾಗಿಹೋಗಿತ್ತು. ಅರ್ಧ ನೋಡಿದರೆ ಉಳಿದರ್ಧ ತಾನಾಗಿ ಹೊಳೆಯುತ್ತದೆ ಎಂಬ ಜಂಬವೂ ಇತ್ತು ಅನ್ನಿ.

ನನ್ನ ಹೆಂಡತಿ ಬಲ್ಬ್ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದವಳು. ಕಪ್ಪು ಪರದೆ ಇಳಿಬಿಟ್ಟ ಗೂಡಿನಂಥ ಜಾಗದಲ್ಲಿ ಕೂತುಕೊಳ್ಳಬೇಕು. ಮುಂದೆ ಓಡುವ ಪಟ್ಟಿಯ ಮೇಲೆ ಉರಿಯುವ ಬಲ್ಬುಗಳು ಸಾಲಾಗಿ ಬರುತ್ತವೆ. ಮಿಣುಕುವುದನ್ನು, ಕಲೆ ಇರುವುದನ್ನು ಎತ್ತಿ ಪಕ್ಕಕ್ಕಿಡಬೇಕು. ದಿನವಿಡೀ ಇದೇ. ಸಂಜೆ ಮನೆಗೆ ಬಂದರೆ ದೀಪ ಹಾಕಲು ಬಿಡುವುದಿಲ್ಲ. ಹೊರಗಿನ ಮೆಟ್ಟಿಲ ದೀಪದಿಂದ ಬಾಗಿಲ ಸಂದಿಯಲ್ಲಿ ನುಸುಳಿದಷ್ಟು ಬೆಳಕಿನಲ್ಲೇ ಅಡುಗೆ, ಅದರಲ್ಲೇ ಊಟ. ಆ ಮಬ್ಬಿನಲ್ಲಿ ತಾಗಿ ತಾಗಿ ನಮ್ಮ ಮನೆಯ ಸ್ಟೂಲಿಗೂ ನನ್ನ ಮೊಣಕಾಲಿಗೂ ಇರುವಷ್ಟು ಬಳಕೆ ಅಣ್ಣತಮ್ಮಂದಿರಿಗೂ ಇರಲಿಕ್ಕಿಲ್ಲ. ಕಣ್ಣು ಮುಚ್ಚಿದರೂ ಬಲ್ಬುಗಳು ಸಾಲಾಗಿ ಬರುತ್ತವೆ ಎಂದು ಅವಳು ಒಂದೆರಡು ಸಲ ಹೇಳಿದ್ದಳು. ನನಗೂ ತಲೆಬರಹ ಕಾಣುತ್ತೆ ಬಿಡು, ಎಂದಿದ್ದೆ.

ಆ ಕಾರ್ಖಾನೆ ಮುಚ್ಚುತ್ತದೆಂಬ ಗುಲ್ಲು ಎದ್ದು ಬಹಳ ದಿನವಾಗಿತ್ತು. ಕೊನೆಗೂ ಆಡಳಿತ ಮಂಡಳಿ ಸಭೆ ಸೇರುವ ದಿನ ಬಂತು. ಕೆಲಸದವರಿಗೆಲ್ಲ ಅವತ್ತು ರಜೆ ಕೊಟ್ಟರು. ನಾನು ಹೊರಡುವಾಗ ಅವಳು ಬಾಗಿಲವರೆಗೂ ಬಂದಳು.

"ಏನೇ ಆದ್ರೂ ಮೊದ್ಲು ನನಗೆ ಹೇಳಿ. ಬೇರೆಯವರ ಬಾಯಿಂದ ಕೇಳೋ ಹಾಗೆ ಮಾಡ್ಬೇಡಿ."

ಪಾಪ, ಹೆದರಿದ್ದಾಳೆ ಎಂದುಕೊಂಡೆ. ನನಗೂ ಹೆದರಿಕೆಯಿತ್ತು. ನನ್ನೊಬ್ಬನ ಸಂಬಳದಲ್ಲಿ ಮನೆ ತೂಗಿಸುವುದು ಹೇಗೆಂದು ಬಸ್ಸಿನಲ್ಲಿ ಯೋಚಿಸುತ್ತಾ ಇಳಿಯುವ ಸ್ಟಾಪನ್ನೇ ದಾಟಿಬಿಟ್ಟೆ.

ಬೆಳಗಿನಿಂದ ಒಂದು ಕಣ್ಣು ಕೆಲಸದ ಮೇಲೆ, ಇನ್ನೊಂದು ಆ ಸುದ್ದಿಯ ದಾರಿ ಕಾಯುತ್ತಾ ಇತ್ತು. ಊಟದ ಹೊತ್ತು ಕಳೆದು, ಕಣ್ಣು ಎಳೆಯುತ್ತಿದ್ದಾಗ ಸಾಲಿನ ಮೇಲ್ತುದಿಯಲ್ಲಿ ದಪ್ಪಗೆ ಮೂಡಿತು: 'ಹಳೆಯ ಬಲ್ಬ್ ಕಾರ್ಖಾನೆಯನ್ನು ಈ ವರ್ಷವೇ ಮುಚ್ಚಲಾಗುವು…'

ಫೋನ್ ಹಿಡಿದು ಹೊರಗೆ ಮೆಟ್ಟಿಲ ಹತ್ತಿರ ಓಡಿದೆ.

"ಮುಚ್ತಾರಂತೆ ಕಣೇ" ಎಂದೆ. ನಾನು ಸಮಾಧಾನದ ಮಾತುಗಳನ್ನು ಸಿದ್ಧ ಮಾಡಿಕೊಂಡೇ ಬಂದಿದ್ದೆ. "ಧೈರ್ಯಗೆಡಬೇಡ. ನಾನಿದೀನಲ್ಲ…"

"ನಿಜವಾಗ್ಲೂನಾ?"

"ಕಣ್ಣೆದುರಿಗೇ ಇದೆ."

"ರೀ, ಇನ್ನೊಂದ್ಸಲ ಹೇಳಿ."

ಹೇಳಿದೆ. ಅವಳು ನಕ್ಕಳು. ಅಳು ನಗುವಿನ ಹಾಗೆ ಕೇಳಿಸುತ್ತಿದೆಯೇನೋ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ನಗುವೇ.

"ಅಬ್ಬಾ, ಮುಗೀತಪ್ಪ" ಎಂದಳು.

"ನಿನಗೆ ಬೇಜಾರಿಲ್ವಾ?"

"ಬೇಜಾರಾ? ನಾನಾಗೇ ಬಿಡ್ತೀನಿ ಅನ್ನೋಕೆ ಬಾಯಿ ಬರ್ತಿರ್ಲಿಲ್ಲ. ಈಗ ಅವರೇ ಬಾಗಿಲು ಹಾಕ್ಕೊಂಡ್ರೆ ನನ್ನನ್ನ ಯಾರೂ ಏನೂ ಅನ್ನೋ ಹಾಗಿಲ್ಲ."

"ಯಾರು ಏನಂತಿದ್ರು ನಿನ್ನ?"

"ಇನ್ಯಾರು, ನೀವೇ! ಅಂಥಾ ಗಟ್ಟಿ ಕೆಲಸ ಯಾರಾದ್ರೂ ಬಿಡ್ತಾರಾ ಅಂತ ಕಂಡಕಂಡವರಿಗೆಲ್ಲ ಹೇಳ್ಕೊಂಡು ಬರ್ತಿದ್ರಲ್ಲ." ಸಿಟ್ಟಿನಿಂದ ಅಂದದ್ದಲ್ಲ, ನಗುತ್ತಲೇ ಅಂದಳು. "ಸರಿ, ಇಡ್ತೀನಿ. ನಿದ್ದೆ ಬರ್ತಿದೆ. ಎಷ್ಟು ದಿನ ಆಗಿತ್ತೋ ಹಿಂಗೆ ನಿದ್ದೆ ಬಂದು."

ಒಂದೇ ಸೂರಿನಡಿ ಇಷ್ಟು ವರ್ಷ ಬಾಳಿ, ಇವಳಿಗೆ ಆ ಕೆಲಸ ಇಷ್ಟು ಸಾಕಾಗಿದೆ ಎಂಬುದು ನನಗೆ ಗೊತ್ತೇ ಇರಲಿಲ್ಲವಲ್ಲ ಎನ್ನಿಸಿ ನಾಚಿಕೆಯಾಯಿತು.

ಒಳಗೆ ಬಂದರೆ ಅವಸರಪ್ಪ ನನ್ನ ಕುರ್ಚಿಯ ಸುತ್ತ ಸುತ್ತುತ್ತಿದ್ದರು. "ಎಲ್ರೀ ಸಂಜೆಯದ್ದು? ಆ ಕಾರ್ಖಾನೆದು ಮೊದಲು ಹಾಕಿ. ಬೇಗ, ಬೇಗ."

ವಿವರ ಬೇಕಲ್ಲ ಎಂದು ಆ ತಲೆಬರಹದ ಮೇಲೆ ಒತ್ತಿದೆ. ಇಡೀ ಸುದ್ದಿ ತೆರೆಯಿತು: 'ಹಳೆಯ ಬಲ್ಬ್ ಕಾರ್ಖಾನೆಯನ್ನು ಈ ವರ್ಷವೇ ಮುಚ್ಚಲಾಗುವುದಿಲ್ಲ: ಆಡಳಿತ ಮಂಡಳಿ ಸ್ಪಷ್ಟನೆ.'

ಮತ್ತೆ ಓದಿದೆ. ಅಂಕಣದ ಅಂಚನ್ನು ಹಿಡಿದು ಎಳೆದು ನೋಡಿದೆ. ಮೂರು ಚುಕ್ಕಿ ಸರಿದು ಅದರ ಹಿಂದಿನಿಂದ 'ದಿಲ್ಲ' ಹೊರಬಂತು. ಅಲ್ಲೇ ಅಡಗಿ ಕೂತಿತ್ತು ಹಾಳಾದ್ದು. ನಮ್ಮ ಮಾತಿನ ಹಣೆಬರಹವೇ ಇಷ್ಟು. ಹೌದೋ ಅಲ್ಲವೋ, ಆಗುತ್ತೋ ಇಲ್ಲವೋ, ಎಲ್ಲ ಕಟ್ಟಕಡೆಗೆ. ಬಾಲ ಕತ್ತರಿಸಿದರೆ ಬದುಕಿದವನೂ ಸತ್ತವನೂ ಒಂದೇ ಥರ ಕಾಣುತ್ತಾರೆ. ದಿನಾ ಇದರಲ್ಲೇ ಬೇಯುವ ನನಗೆ ಇದು ಹೊಳೆಯಬೇಡವೇ?

ನಿಜ ಹೇಳಬೇಕೆಂದರೆ ನಾನು ಕುಣಿದಾಡಬೇಕಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಬೇಡಿಕೊಂಡದ್ದು ಇದನ್ನೇ. ಆದರೆ ಅವಳ ನಗು ಇನ್ನೂ ಕಿವಿಯಲ್ಲೇ ಇತ್ತು. ಫೋನ್ ಮಾಡಿದೆ. ಸ್ವಿಚ್ ಆಫ್. ನಿದ್ದೆ ಕೆಡದಿರಲೆಂದು ಆರಿಸಿ ಮಲಗಿರಬೇಕು. ಸದ್ಯ, ಬೇರೆ ಯಾರೂ ಹೇಳುವ ಹಾಗಿಲ್ಲ ಎಂದು ಒಂದು ಸಮಾಧಾನ. ನಾನೇ ಹೇಳಬೇಕಲ್ಲ ಎಂಬುದು ಅದರ ಹಿಂದೆಯೇ ಬಂತು. ಸಂಜೆಯ ಸಾಲುಗಳನ್ನು ಹೇಗೋ ಕಳಿಸಿ ಎದ್ದೆ. ಎಡಗಡೆಯ ಲೆಕ್ಕ ಏರುತ್ತಲೇ ಇತ್ತು. ಏರಿಕೊಂಡು ಸಾಯಲಿ ಎಂದು ಹೊರಟೆ.

ಬೀದಿಯ ತಿರುವಿನಿಂದಲೇ ನಮ್ಮ ಮನೆಯ ಕಿಟಕಿ ಕಾಣಿಸಿತು. ಬೇರೆ ಯಾರದೋ ಮನೆ ಎಂದುಕೊಂಡೆ. ದೀಪ ಉರಿಯುತ್ತಿತ್ತು. ಒಳಗೆ ಹೋದರೆ ಅಡುಗೆಮನೆ, ಹಾಲ್, ಬಚ್ಚಲು, ಎಲ್ಲ ಕಡೆಯೂ ದೀಪ. ಅವಳು ಸ್ಟೂಲಿನ ಮೇಲೆ ನಿಂತು ಕಿಟಕಿಯ ಗಾಜು ಒರೆಸುತ್ತಿದ್ದಳು. ಕೈಯಲ್ಲಿದ್ದ ನೀಲಿ ಬಟ್ಟೆಯನ್ನು ಎಲ್ಲೋ ನೋಡಿದ ಹಾಗಿತ್ತು. ಅವಳ ಕೆಲಸದ ಏಪ್ರನ್. ಕತ್ತರಿಸಿ ಒರೆಸುವ ತುಂಡು ಮಾಡಿದ್ದಳು. ಉಳಿದ ತುಂಡುಗಳು ಮೇಜಿನ ಮೇಲೆ ಮಡಿಸಿಕೊಂಡು ಕೂತಿದ್ದವು.

"ಗಟ್ಟಿ ಬಟ್ಟೆ ರೀ. ಎಷ್ಟು ಒರೆಸಿದ್ರೂ ಹರಿಯಲ್ಲ" ಎಂದಳು. "ಎಷ್ಟು ಧೂಳು ನೋಡಿ! ಕತ್ತಲಲ್ಲಿ ಕಾಣ್ತಾನೇ ಇರ್ಲಿಲ್ಲ."

"ಸ್ವಲ್ಪ ಇಳಿ. ಒಂದು ಮಾತಿದೆ."

ಇಳಿದಳು. ಹೇಳಿದೆ. ಅಂಕಣ ಕಿರಿದಾಗಿದ್ದದ್ದು, ಚುಕ್ಕಿ, ಚುಕ್ಕಿಯ ಹಿಂದಿನ 'ಇಲ್ಲ', ಎಲ್ಲ ತೊದಲಿ ತೊದಲಿ ಹೇಳಿದೆ. ಕೇಳುತ್ತಾ ಕೇಳುತ್ತಾ ಅವಳ ಮುಖ ಸಣ್ಣದಾಯಿತು.

"ಓ" ಎಂದಳು. "ಆ ಒಂದು 'ಇಲ್ಲ' ನಿಮ್ಮ ಕಣ್ಣಿಗೆ ಬೀಳಲಿಲ್ವಾ?"

"ಬೀಳಲಿಲ್ಲ."

"ನೀವು ಯಾವಾಗ್ಲೂ ಹಂಗೇ. ನಾನು ಏನಾದ್ರೂ ಹೇಳೋಕೆ ಶುರು ಮಾಡಿದ್ರೆ ಅರ್ಧಕ್ಕೇ 'ಗೊತ್ತಾಯ್ತು ಬಿಡು' ಅಂತೀರ."

ಮಾತು ನೆಟ್ಟಗೆ ಬಂದು ನಾಟಿತು. ಅವಳು ಹೋಗಿ ಬಚ್ಚಲ ದೀಪ ಆರಿಸಿದಳು, ಆಮೇಲೆ ಅಡುಗೆಮನೆಯದು, ಆಮೇಲೆ ಹಾಲಿನದು. ಮೆಟ್ಟಿಲ ದೀಪದ ಮಸುಕು ಬೆಳಕಿನಲ್ಲಿ ಮೇಜಿನ ಮುಂದೆ ಕೂತು, ಮಡಿಸಿದ್ದ ತುಂಡುಗಳನ್ನು ಬಿಡಿಸಿ ಒಂದರ ಪಕ್ಕ ಒಂದು ಜೋಡಿಸತೊಡಗಿದಳು. ಜೇಬಿನ ತುಂಡು ಎಲ್ಲಿ ಕೂರುತ್ತದೆಂದು ತಿರುಗಿಸಿ ತಿರುಗಿಸಿ ನೋಡಿದಳು.

"ನಾಳೆ ನಾನು ಹೋಗ…" ಎಂದು ಅಲ್ಲಿಗೇ ನಿಲ್ಲಿಸಿದಳು.

ಹೋಗಬೇಕು ಎಂದೂ ಇರಬಹುದು, ಹೋಗಲ್ಲ ಎಂದೂ ಇರಬಹುದು. 'ಗೊತ್ತಾಯ್ತು ಬಿಡು' ಎಂಬುದು ನನ್ನ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ. ಬಾಡಿಗೆ, ಅಂಗಡಿ, ಬಸ್ಸು ಎಲ್ಲ ತಲೆಯಲ್ಲಿ ಸುಳಿದವು. ಅವನ್ನೂ ನುಂಗಿಕೊಂಡು ಸುಮ್ಮನೆ ಕೂತೆ. ಮೇಲಿನ ಮನೆಯವರು ಬಂದರು, ಬೀಗ ತೆಗೆದರು, ಬಾಗಿಲು ಹಾಕಿಕೊಂಡರು. ಅವಳ ಕೈ ಬಟ್ಟೆಯ ಮೇಲೇ ಇತ್ತು.

"ಹೋಗಕ್ಕಾಗಲ್ಲ ರೀ" ಎಂದಳು ಕೊನೆಗೆ.

"ಹೋಗಬೇಡ" ಎಂದೆ.

ಅವಳು ನನ್ನನ್ನೇ ನೋಡಿದಳು, ನಾನು ಇನ್ನೂ ಏನಾದರೂ ಸೇರಿಸುತ್ತೇನೇನೋ ಎಂದು ಕಾಯುವವಳ ಹಾಗೆ. ಸೇರಿಸುವುದೇನೂ ಇರಲಿಲ್ಲ. ಮೇಜಿನ ಮೇಲಿನ ಜೇಬಿನ ತುಂಡನ್ನು ಎತ್ತಿಕೊಂಡು, ಅವಳು ಅರ್ಧಕ್ಕೆ ಬಿಟ್ಟಿದ್ದ ಕಿಟಕಿ ಒರೆಸಲು ಸ್ಟೂಲು ಹತ್ತಿದೆ.