ಚೌಕಳಿ ಹಾಳೆ

ಗಿರಣಿಯಲ್ಲಿ ಬಟ್ಟೆ ಪರೀಕ್ಷಿಸುವ ಆಕೆಯನ್ನು ಎಲ್ಲರೂ ಹದ್ದಿನಕಣ್ಣಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಅವಳ ಮೇಜು ದಾಟಿ ಒಂದು ತಪ್ಪು ಎಳೆ ಹೊರಗೆ ಹೋದದ್ದಿಲ್ಲ. ಅಂಥವಳು ಈಗ ಎರಡು ತಿಂಗಳಿಂದ, ಗೆರೆ ಡೊಂಕು ಎಂದು ಪಟ್ಟೆಬಟ್ಟೆ ನೇಯುವವನ ಥಾನುಗಳನ್ನು ವಾಪಸು ಎಸೆಯುತ್ತಲೇ ಇದ್ದಳು. ಪಾಪ, ಅವನನ್ನು ಮಗ್ಗದಿಂದ ಬಿಡಿಸಿ ಗಂಟು ಹೊರಲು ಹಾಕಿದರು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಮೊದ್ಲು ನಿಮ್ಮ ಕಣ್ಣು ತೋರಿಸ್ಕೊಳ್ಳಿ ಅಕ್ಕಾ," ಎಂದು ಅವನು ರೇಗಿದ.

ಅವಳಿಗೆ ಸಿಟ್ಟು ನೆತ್ತಿಗೇರಿತು. ಅವನ ಬಾಯಿ ಮುಚ್ಚಿಸಬೇಕೆಂದೇ ರಜೆ ಹಾಕಿ ಕಣ್ಣಿನ ಆಸ್ಪತ್ರೆಗೆ ಹೋದಳು.

ಡಾಕ್ಟರಮ್ಮ ಎಡಗಣ್ಣಿನ ಚಿತ್ರ ತೋರಿಸಿದರು. "ಕಣ್ಣಿನ ಪರದೆಗೆ ಕೊಲೆಸ್ಟ್ರಾಲ್ ಬೇಕಮ್ಮ. ಆದ್ರೆ ಹೆಚ್ಚಾದದ್ದು ಹೊರಗೆ ಹೋಗ್ತಾ ಇರ್ಬೇಕು. ಹೋಗದೆ ಉಳಿದ್ರೆ ಪರದೆ ಕೆಳಗೆ ಹಳದಿ ಚುಕ್ಕೆಯಾಗಿ ಕೂತ್ಕೊಳ್ಳುತ್ತೆ."

"ರಕ್ತದಲ್ಲಿ ಸರಿಯಾಗಿದೆ ಅಂದಿದ್ರಲ್ಲ?"

"ರಕ್ತದ್ದೇ ಬೇರೆ, ಕಣ್ಣಿನದೇ ಬೇರೆ. ಎರಡು ವರ್ಷದ ಹಿಂದೆ ನೀವಿಲ್ಲಿ ಕಣ್ಣು ತೋರಿಸ್ಕೊಂಡಾಗಲೇ ಚುಕ್ಕೆ ಇತ್ತು. ಒಂದು ಚೌಕಳಿ ಹಾಳೆ ಕೊಟ್ಟಿದ್ದೆ, ದಿನಾ ಒಂದೊಂದೇ ಕಣ್ಣಲ್ಲಿ ನೋಡಿ, ಗೆರೆ ಡೊಂಕಾಗಿ ಕಂಡ ದಿನಾನೇ ಓಡಿ ಬನ್ನಿ ಅಂತ. ಆಗಲೇ ಬಂದಿದ್ರೆ ಇಂಜೆಕ್ಷನ್ ಕೊಟ್ಟು ನೋಡಬಹುದಿತ್ತು. ಈಗ ಒಳಗೆ ರಕ್ತ ಸೋರಿ ಗಾಯ ಕಟ್ಟಿಬಿಟ್ಟಿದೆ. ಬಲಗಣ್ಣಲ್ಲೂ ಚುಕ್ಕೆ ಇದೆ, ಅದನ್ನಾದ್ರೂ ಕಾಪಾಡ್ಕೊಳ್ಳಿ."

"ಹಾಳೆ ಯಾರಿಗೆ ಕೊಟ್ರಿ?"

"ನಿಮ್ಮ ಯಜಮಾನ್ರಿಗೆ. ವರದಿ ತಗೊಳ್ಳೋಕೆ ಅವ್ರೇ ಬಂದಿದ್ರಲ್ಲ."

ಅವತ್ತು ಗಂಡ ಮನೆಗೆ ಬಂದು, "ಏನೂ ಇಲ್ವಂತೆ, ಬರೀ ಆಯಾಸ," ಎಂದಿದ್ದ. ಅವಳು ನಂಬಿದ್ದಳು. ಕಟ್ಟಿಕೊಂಡವನ ಮಾತನ್ನು ನಂಬದೆ ಇನ್ಯಾರದನ್ನು ನಂಬಬೇಕಿತ್ತು?

ಮನೆಗೆ ಬಂದಾಗ ಗಂಡ ಹೊಸಿಲ ಮೇಲೆ ಕೂತು ಚಪ್ಪಲಿಗೆ ಮೊಳೆ ಹೊಡೆಯುತ್ತಿದ್ದ. ಅವಳು ಕೇಳಿದ್ದಕ್ಕೆ ತಲೆಯೆತ್ತಲೂ ಇಲ್ಲ.

"ಹೇಳಿದ್ರೆ ನಿನ್ನ ಮೇಜಿಂದ ಎಬ್ಬಿಸ್ತಿದ್ರು. ಆ ಕೆಲಸಕ್ಕೇ ಗಿರಣಿಯವ್ರು ಈ ಮನೆ ಕೊಟ್ಟಿರೋದು. ನಿನ್ನ ಒಳ್ಳೇದಕ್ಕೇ ಕಣೇ."

"ನನ್ನ ಕಣ್ಣು ಕೊಟ್ಟು ಮನೆ ಉಳಿಸ್ಕೊಂಡ್ರಾ?"

"ಬಲಗಣ್ಣು ಇನ್ನೂ ಚೆನ್ನಾಗಿದೆಯಲ್ಲ. ಯಾರಿಗೂ ಹೇಳ್ಬೇಡ ಅಷ್ಟೇ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಮತ್ತೂ ಮೇಯಲು ಬಾಯಿ ಹಾಕುತ್ತಿತ್ತು.

ಬೆಳಗಾಗುತ್ತಲೇ ಮ್ಯಾನೇಜರ ಮುಂದೆ ವರದಿ ಇಟ್ಟಳು. "ಬಟ್ಟೆ ನೆಟ್ಟಗೇ ಇತ್ತು ಸ್ವಾಮಿ. ಡೊಂಕು ನನ್ನ ಕಣ್ಣಲ್ಲಿ. ಅವನನ್ನ ಮಗ್ಗಕ್ಕೆ ವಾಪಸು ಕರೀರಿ."

ಮನೆ ಖಾಲಿ ಮಾಡಲು ಅವರು ಒಂದು ತಿಂಗಳು ಕೊಟ್ಟರು. ಅವಳಿಗೆ ಅಷ್ಟು ದಿನ ಬೇಕಾಗಲಿಲ್ಲ. ತನ್ನೊಬ್ಬಳ ಬಟ್ಟೆ ಕಟ್ಟಿಕೊಂಡು ಸಂಜೆಯೇ ಹೊರಟಳು.